ಡಬ್ಬಿ ಕ್ಯಾಮೆರಾ: ತೂತು ಎಷ್ಟಿರಬೇಕು? ನನ್ನ ಅನುಭವ

ಪಿನ್‌ಹೋಲ್‌ನಲ್ಲಿ (ಲೆನ್ಸ್ ಬದಲು ಸೂಜಿಯ ತೂತಿರುವ ಕ್ಯಾಮೆರಾದಲ್ಲಿ) ಮಬ್ಬು ಬಿಟ್ಟು ಬೇರೇನೂ ಬರಲ್ಲ ಎನ್ನುತ್ತಿದ್ದವರೇ ಈಗ ನನ್ನ ಪ್ರಿಂಟ್‌ನಲ್ಲಿ ಹೆಂಚು ಎಣಿಸುತ್ತಾರೆ. ಹಾಲಿನ ಪುಡಿಯ ಡಬ್ಬಿ, ಒಳಗೆ ಮ್ಯಾಟ್ ಕಪ್ಪು ಬಣ್ಣ, ಶಟರ್‌ಗೆ ಕರಿ ಟೇಪು. ಉಳಿದದ್ದೆಲ್ಲ ತೂತಿನ ಕೆಲಸ.

ತೂತು ಸಣ್ಣದಾದಷ್ಟೂ ಚಿತ್ರ ಶಾರ್ಪ್ ಅನ್ನುವುದು ಅರ್ಧ ನಿಜ. ತೀರಾ ಸಣ್ಣದಾದರೆ ಬೆಳಕು ಅಂಚಲ್ಲಿ ಬಾಗಿ ಹರಡಿಕೊಳ್ಳುತ್ತದೆ. ತೂತಿನಿಂದ ಫೋಟೋ ಪೇಪರಿಗೆ (ಡಬ್ಬಿಯೊಳಗೆ ಫಿಲ್ಮಿನ ಬದಲು ಇಡುವ, ಬೆಳಕು ಹಿಡಿಯುವ ಹಾಳೆ) 10 ಸೆಂ.ಮೀ. ದೂರವಿದ್ದರೆ 0.45 ಮಿ.ಮೀ. ಸರಿ. 0.3ಕ್ಕೆ ಇಳಿಸಿದರೆ ಶಾರ್ಪ್‌ನೆಸ್ಸೂ ಹೋಯಿತು, ಎಕ್ಸ್‌ಪೋಷರ್ರೂ (ಬೆಳಕು ಬಿಡುವ ಹೊತ್ತು) ಎರಡು ಪಟ್ಟು ದಾಟಿತು. ದೂರ ನಾಲ್ಕು ಪಟ್ಟಾದರೆ ತೂತು ಎರಡು ಪಟ್ಟು. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವ ಕಿಂಡಿ ಸೂಜಿಯ ತೂತಿಗಿಂತ ಎಷ್ಟೋ ದೊಡ್ಡದು. ಗೋಡೆ ದೂರ, ಒಳಗೆ ಕತ್ತಲು, ಹಾಗಾಗಿ ನಡೆಯುತ್ತದೆ. ಕಿಟಕಿಗೆ ರಟ್ಟು ಕಟ್ಟಿ 1 ಸೆಂ.ಮೀ. ಕೊರೆದು ನೋಡಿ, ಹೊರಗಿನ ತೆಂಗಿನಮರ ಎದುರು ಗೋಡೆಯಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ.

ತೂತು ಮಾಡುವ ತಗಡಿಗೆ ಕೂಲ್‌ಡ್ರಿಂಕ್ ಕ್ಯಾನ್ ಸಾಕು. ಹಳೇ ಮ್ಯಾಗಜೀನ್ ಮೇಲಿಟ್ಟು ಸೂಜಿ ಒತ್ತಿ, ತೂರಿಸಬೇಡಿ, ಉಬ್ಬು ಬಂದರೆ ಸಾಕು. ತಿರುಗಿಸಿ ಆ ಉಬ್ಬನ್ನು 600ರ ಎಮರಿ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ. ತೂತು ತೆರೆದಾಗ ಸೂಜಿಯ ತುದಿಯನ್ನು ಬೆರಳಲ್ಲಿ ತಿರುಗಿಸಿ ದುಂಡು ಮಾಡಿ, ಮತ್ತೆ ಉಜ್ಜಿ. ಒಂದೇ ಏಟಿಗೆ ಚುಚ್ಚಿದರೆ ಅಂಚಲ್ಲಿ ಸಿಬಿರು ಏಳುತ್ತದೆ, ತೂತು ಕೊಳವೆಯಂತಾಗಿ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಅಳತೆಗೆ ಸ್ಕ್ಯಾನರ್: 2400 ಡಿಪಿಐನಲ್ಲಿ (ಇಂಚಿಗೆ 2400 ಚುಕ್ಕಿ) 42-43 ಪಿಕ್ಸೆಲ್ ಬಂದರೆ 0.45. ತಗಡಿನ ಒಳಮೈಗೆ ಕಪ್ಪು ಮಾರ್ಕರ್.

ಎಫ್-ನಂಬರ್, ಅಂದರೆ ಪೇಪರಿನ ದೂರವನ್ನು ತೂತಿನ ಅಳತೆಯಿಂದ ಭಾಗಿಸಿದ್ದು, ಸುಮಾರು 220. ಪೇಪರಿನ ಐಎಸ್‌ಓ (ಬೆಳಕಿಗೆ ಸ್ಪಂದಿಸುವ ವೇಗ) 6 ಎಂದು ಹಿಡಿದರೆ ಸುಡುಬಿಸಿಲಿಗೆ ಅರ್ಧ ನಿಮಿಷದ ಆಜುಬಾಜು. ಸಂಜೆ ಬೆಳಕು ಅಳೆಯುವ ಮೀಟರ್ ನಂಬಬೇಡಿ: ಪೇಪರಿಗೆ ನೀಲಿ ಕಂಡಷ್ಟು ಹಳದಿ, ಕೆಂಪು ಕಾಣುವುದಿಲ್ಲ, ಮೀಟರಿಗೆ ಎಲ್ಲವೂ ಕಾಣುತ್ತದೆ. ಮೀಟರ್ ಹೇಳಿದ್ದರ ಮೂರು ನಾಲ್ಕು ಪಟ್ಟು ಕೊಟ್ಟೇ ನೋಡಬೇಕು.

ದುಡ್ಡು ಹೋಗುವುದು ಪೇಪರಿಗೆ, 5×7 ಇಂಚಿನ ಹಾಳೆಗೆ 70-80 ರೂಪಾಯಿ. ಅರ್ಧ ಕತ್ತರಿಸಿ ಬಳಸುತ್ತೇನೆ. ಎಕ್ಸ್‌ರೇ ಫಿಲ್ಮ್ ಅಗ್ಗವೇನೋ ಹೌದು, ಆದರೆ ಎರಡೂ ಕಡೆ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ಇರುವುದರಿಂದ ಡೆವಲಪ್ ಮಾಡುವ ಟ್ರೇ ತಾಗಿದಲ್ಲೆಲ್ಲ ಗೀರು. ಟ್ರೇ ತಳಕ್ಕೊಂದು ಗಾಜು ಹಾಕಿದರೆ ಗೀರು ಕಡಿಮೆ.

ಆಕಾಶ ಬೆಳ್ಳಗೆ, ನೆರಳು ಕರ್ರಗೆ ಬರುತ್ತಿದ್ದರೆ ಪೇಪರಿಗೆ ಡಾರ್ಕ್‌ರೂಮ್‌ನಲ್ಲೇ ಮೊದಲು ಚೂರು ಬೆಳಕು ತೋರಿಸಿ ಆಮೇಲೆ ಡಬ್ಬಿಗೆ ಹಾಕಿ. ಎಷ್ಟು ಸೆಕೆಂಡು, ಯಾವ ಬಲ್ಬು ಅನ್ನುವುದು ನನ್ನ ಹತ್ತಿರವೇ ಇರಲಿ; ಪೇಪರ್ ಬದಲಾದರೆ ಅದೂ ಬದಲಾಗುತ್ತದೆ, ಒಂದು ಹಾಳೆ ಪಟ್ಟಿ ಪಟ್ಟಿ ಕತ್ತರಿಸಿ ನೀವೇ ನೋಡಿಕೊಳ್ಳಿ.