ಹಳೆ ಪುಸ್ತಕ ಸ್ಕ್ಯಾನ್ ಮಾಡುವ ಮುಂಚೆ 61 ಕೂಡಿಸಿ ನೋಡಿ

ರಾಯಚೂರು, ಮಾನ್ವಿ ಕಡೆ ಮನೆಯ ಹಳೆ ಪುಸ್ತಕ ಸ್ಕ್ಯಾನ್ ಮಾಡಿ ಹಂಚಬೇಕೆಂದಿರುವವರು ಲೇಖಕರು ತೀರಿಕೊಂಡ ವರ್ಷಕ್ಕೆ 61 ಕೂಡಿಸಿ. ಆ ವರ್ಷದ ಜನವರಿ 1ರಿಂದ ಪುಸ್ತಕ ಎಲ್ಲರದು. 1957ರ ಹಕ್ಕುಸ್ವಾಮ್ಯ ಕಾಯ್ದೆ ಲೇಖಕರ ಮರಣದ ಮರುವರ್ಷದಿಂದ 60 ವರ್ಷ ಎಣಿಸುತ್ತದೆ, ಅದಕ್ಕೇ ಈ 61. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳು 2007ರಿಂದಲೇ ಮುಕ್ತ. ಬೇಂದ್ರೆಯವರಿಗೆ 2042ರವರೆಗೆ ಕಾಯಬೇಕು. ಮರುಮುದ್ರಣದಲ್ಲಿ 'ಎಲ್ಲ ಹಕ್ಕು ಕಾದಿರಿಸಿದೆ' ಎಂದಿದ್ದರೆ ಹೆದರಬೇಡಿ, ಅದರಿಂದ ಮೂಲ ಪಠ್ಯದ ಅವಧಿ ಬೆಳೆಯುವುದಿಲ್ಲ. ಆದರೆ ಹೊಸ ಮುನ್ನುಡಿ, ಟಿಪ್ಪಣಿ, ಅನುವಾದ ಇವಕ್ಕೆ ಬೇರೆ ಹಕ್ಕುದಾರರು ಇರುತ್ತಾರೆ. ನಮ್ಮಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ: ಮಾನ್ವಿಯ ಜಗನ್ನಾಥದಾಸರ ಕೀರ್ತನೆ ಯಾರ ಸ್ವತ್ತೂ ಅಲ್ಲ, ಈಚಿನ ಸಂಪಾದಕರು ಬರೆದ ಅರ್ಥವಿವರಣೆ ಮಾತ್ರ ಅವರದೇ. ಆ ವಿವರಣೆಯನ್ನು ಬಿಟ್ಟು ಕೀರ್ತನೆಗಳನ್ನಷ್ಟೇ ಬೆರಳಚ್ಚು ಮಾಡಿ ಹಾಕಿ. ಲೇಖಕರ ಹೆಸರೇ ಇಲ್ಲದಿದ್ದರೆ, ಅಥವಾ ಪುಸ್ತಕ ಮೊದಲು ಅಚ್ಚಾದದ್ದೇ ಅವರ ಮರಣದ ನಂತರವಾದರೆ, ಲೆಕ್ಕ ಪ್ರಕಟಣೆಯ ವರ್ಷದಿಂದ ಶುರು. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಿರಿ. ಇದು ಭಾರತದ ನಿಯಮ. ವಿಕಿಮೀಡಿಯಾ ಕಾಮನ್ಸ್‌ನಂಥ ತಾಣ ಅಮೆರಿಕದ ಕಾನೂನನ್ನೂ ನೋಡುತ್ತದೆ, ಅಲ್ಲಿ ಹಾಕುವಾಗ ಅದನ್ನೂ ಪರೀಕ್ಷಿಸಿ.