ಹಳೇ ಕ್ಯಾಂಪರ್ ವ್ಯಾನಿಗೆ ತೆರೆಯುವ ಕಿಟಕಿ ಹಾಕಿದ ನನ್ನ ಅನುಭವ

ನಮ್ಮದು 1978ರ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನ್. ಇಂಗ್ಲೆಂಡಿನಲ್ಲಿ ಇದನ್ನು ‘ಬೇ ವಿಂಡೋ’ ಅಂತಾರೆ, ಮುಂದಿನ ಗಾಜು ಒಂದೇ ತುಂಡಾಗಿ ಬಾಗಿರುತ್ತದಲ್ಲ, ಅದಕ್ಕೆ. 1967ರವರೆಗೆ ಬಂದ ಹಳೇ ಮಾಡೆಲ್‌ನಲ್ಲಿ ಆ ಗಾಜು ಎರಡು ತುಂಡು. ಬ್ರಿಸ್ಟಲ್‌ಗೆ ಬಂದು ಕೆಲವು ವರ್ಷ ಆದ ಮೇಲೆ ಈ ಗಾಡಿ ತೆಗೆದುಕೊಂಡೆವು. ಒಳಗೆ ಮಡಚುವ ಹಾಸಿಗೆ, ಎರಡು ಬರ್ನರ್ ಗ್ಯಾಸ್ ಒಲೆ, ಪುಟ್ಟ ಸಿಂಕ್ ಎಲ್ಲಾ ಇತ್ತು. ಗಾಳಿ ಮಾತ್ರ ಆಡುತ್ತಿರಲಿಲ್ಲ.

ಮೊದಲ ಸಲ ವೇಲ್ಸ್‌ನ ಪೆಂಬ್ರೋಕ್‌ಶೈರ್ ಕಡಲತೀರಕ್ಕೆ ಹೋಗಿ ರಾತ್ರಿ ವ್ಯಾನಿನಲ್ಲೇ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲಾ ಗಾಜುಗಳೂ ಒಳಗಡೆ ಬೆವರಿ ನೀರು ಇಳಿಯುತ್ತಿತ್ತು. ಚಾವಣಿ ತಗಡಿನಿಂದ ಹೊದಿಕೆ ಮೇಲೆ ಟಪ್ ಟಪ್ ಅಂತ ಹನಿ. ಕಿಟಕಿ ಕೆಳಗಿನ ಬೀಡಿಂಗ್ (ಗಾಜಿನ ಸುತ್ತ ಕೂರುವ ರಬ್ಬರ್ ಪಟ್ಟಿ) ಸಂದಿಯಲ್ಲಿ ನೀರು ನಿಂತಿತ್ತು, ಅದೇ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು. ಹಳೇ ಗಾಡಿಯ ತಗಡನ್ನು ತಿನ್ನುವುದೇ ಹೀಗೆ ನಿಂತ ನೀರು.

ಆ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ವ್ಯಾನಿನೊಳಗೆ ಕೂತು ಐದು ನಿಮಿಷ ಆಗಿರಲಿಲ್ಲ, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೇಳಿದರು: "ಏನೋ ಇದು, ಇಷ್ಟೊಂದು ಕಿಟಕಿ ಇದೆ, ಒಂದೂ ತೆಗೆಯೋಕೆ ಬರಲ್ವಾ?" ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಮೂರು ಮೂರು ದೊಡ್ಡ ಕಿಟಕಿ, ಎಲ್ಲಾ ಅಲ್ಲಾಡದ ಗಾಜು. ತೆರೆಯೋದು ಡ್ರೈವರ್ ಬಾಗಿಲಿನದು ಮತ್ತು ಅದರ ಎದುರಿನ ಮುಂದಿನ ಬಾಗಿಲಿನದು, ಅಷ್ಟೇ. ಮುಂದಿನ ಗಾಜಿನ ಕೆಳಗೆ ಗಾಳಿ ಎಳೆದುಕೊಳ್ಳುವ ಜಾಲರಿ ಇದೆ, ಆದರೆ ಗಾಡಿ ಓಡುತ್ತಿದ್ದರೆ ಮಾತ್ರ ಅದರಿಂದ ಗಾಳಿ ಬರುತ್ತದೆ. ನಿಂತ ಗಾಡಿಯಲ್ಲಿ ಅದು ಇದ್ದೂ ಇಲ್ಲದ ಹಾಗೆ.

ನೀರು ಎಲ್ಲಿಂದ ಬರುತ್ತದೆ ಅಂತ ಕೂತು ಲೆಕ್ಕ ಹಾಕಿದೆ. ಇಬ್ಬರು ದೊಡ್ಡವರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರು ಸೇರಿ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ಅದರ ಮೇಲೆ ಗ್ಯಾಸ್ ಒಲೆ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಾವಿ ಹುಟ್ಟುತ್ತದೆ, ಪಾತ್ರೆಯಲ್ಲಿ ಕುದಿಯುವ ಅನ್ನ ಸಾರಿನ ಆವಿ ಬೇರೆ. ಇದೆಲ್ಲಾ ಹೊರಗೆ ಹೋಗದಿದ್ದರೆ ತಣ್ಣಗಿರುವ ಗಾಜು, ತಗಡಿನ ಮೇಲೆ ಬಂದು ಕೂರಲೇಬೇಕು. ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ.

ಚಾವಣಿಗೆ ತೂತು ಕೊರೆದು ಫ್ಯಾನ್ ಕೂರಿಸಿ ಅಂತ ಹಲವರು ಹೇಳಿದರು. ಹೊಸ ಗಾಡಿಯಾದರೆ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಇಷ್ಟು ವರ್ಷ ಮಳೆ ತಡೆದುಕೊಂಡು ಬಂದ ಚಾವಣಿಗೆ ಗರಗಸ ಇಡಲು ಮನಸ್ಸು ಬರಲಿಲ್ಲ. ಕಿಟಕಿ ಜಾಗ ಹೇಗೂ ಇದೆ, ಅಲ್ಲಿ ಗಾಜು ಬದಲಾಯಿಸಿದರೆ ತಗಡು ಕತ್ತರಿಸುವ ಗೋಜೇ ಇಲ್ಲ. ಇನ್ನೊಂದು ವಿಷಯ, ಪಕ್ಕದ ಗಾಜು ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ಅದನ್ನು ಕತ್ತರಿಸೋಕಾಗಲಿ, ತೂತು ಮಾಡೋಕಾಗಲಿ ಹೋಗಬೇಡಿ, ಪುಡಿಪುಡಿ ಆಗುತ್ತದೆ. ಪೂರ್ತಿ ತೆಗೆದು ಬೇರೆಯದನ್ನು ಕೂರಿಸುವುದೊಂದೇ ದಾರಿ.

ಮೊದಲು ಒಂದು ಕಡೆಗೆ ಮಾತ್ರ ಜಾರಿಸಿ ತೆರೆಯುವ ಕಿಟಕಿ ಹಾಕಿದೆ. ಇದು ನನ್ನ ತಪ್ಪು. ಇಷ್ಟು ದೊಡ್ಡದು ತೆರೆದುಕೊಂಡರೆ ಸಾಕಲ್ವಾ ಅಂದುಕೊಂಡಿದ್ದೆ. ಆದರೂ ಬೆಳಿಗ್ಗೆ ಗಾಜು ಬೆವರುವುದು ನಿಲ್ಲಲಿಲ್ಲ. ಒಂದು ಸಂಜೆ ಲೋಟದಲ್ಲಿ ಅಕ್ಕಿ ತುಂಬಿ ಊದುಬತ್ತಿ ಸಿಕ್ಕಿಸಿ ಸಿಂಕ್ ಪಕ್ಕ ಇಟ್ಟು, ಸುಮ್ನೆ ಕೂತು ಹೊಗೆ ನೋಡಿದೆ. ಹೊಗೆ ನೆಟ್ಟಗೆ ಮೇಲೆ ಹೋಗಿ, ಚಾವಣಿಗೆ ತಾಗಿ, ಹಾಗೇ ಹರಡಿ ನಿಂತಿತು. ಎರಡಡಿ ದೂರದಲ್ಲಿ ಕಿಟಕಿ ತೆರೆದೇ ಇದೆ, ಹೊಗೆ ಮಾತ್ರ ಆ ಕಡೆ ತಿರುಗಲಿಲ್ಲ. ಆಮೇಲೆ ಎದುರುಗಡೆಯ ಮುಂದಿನ ಬಾಗಿಲಿನ ಗಾಜು ಎರಡೇ ಎರಡು ಬೆರಳಷ್ಟು ಇಳಿಸಿದೆ. ಹೊಗೆಯ ಎಳೆ ಬಾಗಿತು, ಕಿಟಕಿ ಕಡೆ ಓಡಿ ಹೊರಗೆ ಹೋಯಿತು. ಬರುವ ಗಾಳಿಗೊಂದು ಬಾಗಿಲು, ಹೋಗುವ ಗಾಳಿಗೊಂದು ಬಾಗಿಲು, ಎರಡೂ ಎದುರು ಬದುರು ಇರಬೇಕು. ನಮ್ಮ ಕಡೆ ಹಳೇ ಮನೆಗಳಲ್ಲಿ ಕೆಳಗೆ ಕಿಟಕಿ, ಮೇಲೆ ಗವಾಕ್ಷಿ ಇಡುತ್ತಿದ್ದುದೂ ಇದಕ್ಕೇ. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ತಂಪು ಗಾಳಿ ಕೆಳಗಿಂದ ಬರುತ್ತದೆ.

ಜಾರುವ ಕಿಟಕಿಗೆ ಇನ್ನೊಂದು ತೊಂದರೆ ಇತ್ತು. ಮಳೆ ಬಂದರೆ ಮುಚ್ಚಲೇಬೇಕು. ಇಲ್ಲಿ ಮಳೆ ಇಲ್ಲದ ರಾತ್ರಿಗೆ ಕಾಯುತ್ತಾ ಕೂತರೆ ಆಯಿತು! ಅದಕ್ಕೆ ಲೂವರ್ ಕಿಟಕಿ ಹುಡುಕಿದೆ. ನಮ್ಮೂರಿನ ಬಚ್ಚಲುಮನೆಗಳಲ್ಲಿ ಗಾಜಿನ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಕಿಟಕಿ ನೋಡಿರುತ್ತೀರಿ, ಅದೇ ಇದು. ಅಲ್ಯೂಮಿನಿಯಂ ಚೌಕಟ್ಟು, ಒಳಗಡೆ ಒಂದು ಹಿಡಿ, ತಿರುಗಿಸಿದರೆ ಪಟ್ಟಿಗಳೆಲ್ಲಾ ಒಟ್ಟಿಗೆ ಓರೆಯಾಗುತ್ತವೆ. ಮಳೆ ನೀರು ಪಟ್ಟಿ ಮೇಲೆ ಜಾರಿ ಹೊರಗೇ ಬೀಳುತ್ತದೆ, ಗಾಳಿ ಸಂದಿಯಲ್ಲಿ ಆಡುತ್ತಿರುತ್ತದೆ. ವ್ಯಾನುಗಳನ್ನು ಕ್ಯಾಂಪರ್ ಮಾಡಿಕೊಡುತ್ತಿದ್ದ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿಯವರು ಆ ಕಾಲದಲ್ಲೇ ಇದೇ ವ್ಯಾನುಗಳಿಗೆ ಇಂಥ ಕಿಟಕಿ ಹಾಕಿ ಕೊಡುತ್ತಿದ್ದರು, ಹಾಗಾಗಿ ನೋಡಲೂ ಗಾಡಿಗೆ ಒಪ್ಪುತ್ತದೆ. ಎರಡು ಸೆಟ್ ಹಳೇವು ಸಿಕ್ಕವು. ನಡುವಿನ ಕಿಟಕಿಗೆ ಎರಡೂ ಕಡೆ ಒಂದೊಂದು. ತರುವ ಮುಂಚೆ ನಿಮ್ಮ ಗಾಡಿಯ ತೆರವಿನ ಅಳತೆ ತೆಗೆದುಕೊಂಡೇ ಹೋಗಿ.

ಹಳೇ ಗಾಜು ತೆಗೆಯುವುದು ಕಷ್ಟವಲ್ಲ. ಹೇಗೂ ಹೊಸ ಬೀಡಿಂಗ್ ಹಾಕುವುದರಿಂದ ಹಳೇ ರಬ್ಬರನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು ಹೊರಗಿನ ಅಂಚನ್ನು ಬ್ಲೇಡಿನಲ್ಲಿ ಕೊಯ್ದು ಹಾಕಿ. ಒಳಗಿನಿಂದ ಒಬ್ಬರು ಅಂಗೈಯಲ್ಲಿ ಮೆಲ್ಲಗೆ ಒತ್ತಬೇಕು, ಹೊರಗೆ ಇನ್ನೊಬ್ಬರು ಹಿಡಿದುಕೊಳ್ಳಬೇಕು. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ನಮ್ಮ ವ್ಯಾನಿನಲ್ಲಿ ಎಡಗಡೆ ಕಿಟಕಿಯ ಕೆಳಮೂಲೆಯಲ್ಲಿ ಪೇಂಟ್ ಸ್ವಲ್ಪ ಉಬ್ಬಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ, ಹಪ್ಪಳದ ಹಾಗೆ ಒಡೆದು ಒಳಗೆ ಹೋಯಿತು. ಕಂದು ಪುಡಿ ಉದುರಿತು. ಬೀಡಿಂಗ್ ಕೆಳಗೆ ಯಾರ ಕಣ್ಣಿಗೂ ಬೀಳದೆ ಎಷ್ಟು ವರ್ಷದಿಂದ ತಿನ್ನುತ್ತಿತ್ತೋ. ಒಂದು ವಾರದಲ್ಲಿ ಮುಗಿಸಬೇಕು ಅಂದುಕೊಂಡಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ. ತುಕ್ಕು ಹಿಡಿದ ಭಾಗ ಕತ್ತರಿಸಿ ತೆಗೆಸಿ, ಹೊಸ ತಗಡಿನ ತುಂಡು ವೆಲ್ಡ್ ಮಾಡಿಸಿದೆ. ಉಳಿದ ಕಡೆ ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ನಿಲ್ಲಿಸುವ ದ್ರಾವಣ ಹಚ್ಚಿ, ಜಿಂಕ್ ಪ್ರೈಮರ್, ಅದರ ಮೇಲೆ ಎರಡು ಸಲ ಪೇಂಟ್. ಅಂಚಿನ ಪೇಂಟ್ ಪೂರ್ತಿ ಒಣಗಿ ಗಟ್ಟಿಯಾಗಲು ಒಂದು ವಾರ ಬಿಟ್ಟೆ. ದಯವಿಟ್ಟು ಈ ಹಂತದಲ್ಲಿ ಅವಸರ ಮಾಡಬೇಡಿ. ಗಾಜು ತೆಗೆದಾಗ ಮಾತ್ರ ಈ ಜಾಗ ಕೈಗೆ ಸಿಗುತ್ತದೆ, ಇನ್ನೊಂದು ಸಲ ಯಾವಾಗ ತೆಗೆಯುತ್ತೀರೋ ಏನೋ.

ಕೂರಿಸುವುದಕ್ಕೆ ಹಗ್ಗದ ಉಪಾಯ. ಕಿಟಕಿ ಚೌಕಟ್ಟಿನ ಸುತ್ತ ಮೊದಲು ಹೊಸ ಬೀಡಿಂಗ್ ಹಾಕಿ. ಅದರ ಹೊರ ಅಂಚಿನಲ್ಲಿ, ತಗಡು ಕೂರುವ ಕಾಲುವೆಯಲ್ಲಿ, ತೆಳು ನೈಲಾನ್ ಹಗ್ಗ ಸುತ್ತಿ, ಎರಡು ತುದಿಗಳೂ ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಹಾದು ಹೋಗುವಂತೆ ಬಿಡಿ. ಪಾತ್ರೆ ತೊಳೆಯುವ ಸೋಪಿನ ನೀರು ಧಾರಾಳವಾಗಿ ಹಚ್ಚಿ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಹಾಳಾಗುತ್ತದೆ. ಹೊರಗಿನಿಂದ ಕಿಟಕಿಯನ್ನು ತೆರವಿಗೆ ಒತ್ತಿ ಹಿಡಿದು, ಹಗ್ಗದ ತುದಿಗಳನ್ನು ಒಳಗೆ ಬಿಟ್ಟು, ಒಳಗಿನಿಂದ ನಿಧಾನವಾಗಿ ಎಳೆಯುತ್ತಾ ಬಂದರೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಬಂದು ಕೂರುತ್ತದೆ. ನಾನು ಒಳಗೆ, ಹೆಂಡತಿ ಹೊರಗೆ. ಮಾರ್ಚ್ ತಿಂಗಳ ಚಳಿಗೆ ರಬ್ಬರ್ ಕಡ್ಡಿಯ ಹಾಗಾಗಿತ್ತು, ಎರಡು ಸಲ ಮೂಲೆಯಲ್ಲಿ ಹಗ್ಗ ಜಾರಿ ಹೊರಬಂತು. "ರೀ, ಆ ರಬ್ಬರನ್ನ ಬಿಸಿನೀರಿಗೆ ಹಾಕಿ ನೋಡೋಣ" ಅಂದಳು. ಬಕೆಟ್ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಮತ್ತೆ ಹಾಕಿದೆವು. ಮೂರನೇ ಸಲಕ್ಕೆ ಪುಳಕ್ ಅಂತ ಮೂಲೆ ಕೂತಿತು. ಆ ಶಬ್ದ ಕೇಳಿದಾಗ ಇಬ್ಬರಿಗೂ ಆದ ಖುಷಿ ಹೇಳತೀರದು.

ಮೊದಲ ಮಳೆಗೇ ಬಲಗಡೆ ಕಿಟಕಿ ಸೋರಿತು. ಪೈಪಿನಲ್ಲಿ ನೀರು ಬಿಟ್ಟು ಹುಡುಕಿದರೆ, ಚೌಕಟ್ಟಿನ ಕೆಳಗೆ ನೀರು ಹೊರಹೋಗಲು ಇರುವ ಸಣ್ಣ ತೂತುಗಳನ್ನು ನಾನೇ ಸೀಲಂಟ್ ಹಚ್ಚುವಾಗ ಮುಚ್ಚಿಬಿಟ್ಟಿದ್ದೆ. ಸೂಜಿಯಲ್ಲಿ ಬಿಡಿಸಿದ ಮೇಲೆ ಸರಿಹೋಯಿತು. ಗಾಜಿನ ಪಟ್ಟಿಗಳನ್ನು ಹೊರಗಿನಿಂದ ಎಳೆದು ತೆಗೆಯಬಹುದು, ಕಳ್ಳರಿಗೆ ಸುಲಭ, ಅದಕ್ಕೆ ಪ್ರತಿ ಪಟ್ಟಿಯ ತುದಿಗೂ ಒಂದು ಚುಕ್ಕೆ ಸಿಲಿಕೋನ್ ಹಾಕಿದ್ದೇನೆ.

ಕಿಟಕಿ ತೆರೆಯುತ್ತದೆ ಅಂತ ಬೇರೆ ತೂತುಗಳನ್ನು ಮರೆಯಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ, ಕಿಟಕಿವರೆಗೆ ಏರುವುದಿಲ್ಲ. ಸಿಲಿಂಡರ್ ಇಡುವ ಪೆಟ್ಟಿಗೆಯ ಅಡಿಯಲ್ಲಿ ಹೊರಗೆ ತೆರೆದ ತೂತು ಇರಲೇಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಬೇಕೇ ಬೇಕು, ಚಳಿಗೆ ಒಲೆ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ. ಗಾಳಿಗೆ ಅಂತ ಹಿಂದಿನ ಬಾಗಿಲು ಸ್ವಲ್ಪ ತೆರೆದಿಡುವ ಕೊಕ್ಕೆ ಸಿಗುತ್ತದೆ, ನಿಂತಾಗ ಒಳ್ಳೆಯದೇ. ಆದರೆ ಹಾಗೆ ತೆರೆದಿಟ್ಟು ಗಾಡಿ ಓಡಿಸಿದರೆ ಎಂಜಿನ್ ಹೊಗೆ ಒಳಗೆ ಎಳೆದುಕೊಳ್ಳುತ್ತದೆ.

ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಬಗ್ಗೆ ಒಂದು ಮಾತು. ಸ್ಕಾಟ್ಲೆಂಡ್ ಕಡೆ ಬೇಸಿಗೆಯಲ್ಲಿ ಮಿಡ್ಜ್ ಅನ್ನುವ ನೊರಜು ಇದೆ, ಕಚ್ಚುತ್ತದೆ. ನಮ್ಮ ಸೊಳ್ಳೆ ಪರದೆಯ ಕಣ್ಣಿನಿಂದ ಆರಾಮವಾಗಿ ಒಳಗೆ ಬರುತ್ತದೆ. ಅದಕ್ಕಿಂತ ಸಣ್ಣ ಕಣ್ಣಿನ ಜಾಲರಿ ತಂದು ಅಯಸ್ಕಾಂತದ ಪಟ್ಟಿಯಿಂದ ಒಳಗಡೆ ಅಂಟಿಸಿದ್ದೇನೆ. ಗಾಳಿ ಸ್ವಲ್ಪ ಕಮ್ಮಿಯಾಗುತ್ತದೆ, ಒಪ್ಪಿಕೊಳ್ಳಲೇಬೇಕು.

ಕಳೆದ ಅಕ್ಟೋಬರ್‌ನಲ್ಲಿ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ರಾತ್ರಿಯಿಡೀ ಮಳೆ. ಎರಡೂ ಲೂವರ್‌ಗಳನ್ನು ಒಂದು ಬೆರಳು ಸಂದಿಯಷ್ಟು ತೆರೆದಿಟ್ಟು ಮಲಗಿದೆವು. ಬೆಳಿಗ್ಗೆ ಎದ್ದ ತಕ್ಷಣ ಪಕ್ಕದ ಗಾಜಿನ ಮೇಲೆ ಬೆರಳಾಡಿಸಿ ನೋಡಿದೆ, ಒಣಗಿತ್ತು. ಹೊದಿಕೆಯೂ ಒಣಗಿತ್ತು. ಮುಂದಿನ ದೊಡ್ಡ ಗಾಜು ಮಾತ್ರ ಇನ್ನೂ ಬೆವರುತ್ತದೆ, ಈ ಚಳಿಗಾಲದಲ್ಲಿ ಅದಕ್ಕೆ ಒಳಗಡೆ ದಪ್ಪ ಪರದೆ ಹೊಲಿಯಬೇಕು.