ಹಳೇ ವಾಲ್ವ್ ಆಂಪೋ, ರೀಇಶ್ಯೂವೋ? ಪಂಚೆ ಅಡ್ಡ ಕಟ್ಟಿ ಕೇಳಿ

ಮೈಸೂರಿನ ಹಳೇ ರೇಡಿಯೊ ರಿಪೇರಿಯವರ ಮುಂದೆ ‘ಇಎಲ್84’ ಅಂದು ನೋಡಿ, ಮುಖ ಅರಳುತ್ತದೆ. ವಾಲ್ವ್ ಸೆಟ್ಟುಗಳಲ್ಲಿ ಸದ್ದು ಹಿಗ್ಗಿಸುತ್ತಿದ್ದ ಆ ಬೆರಳುದ್ದದ ಗಾಜಿನ ನಳಿಕೆಯನ್ನು, ಅಂದರೆ ವಾಲ್ವನ್ನು, ನಮ್ಮ ಬೆಂಗಳೂರಿನ ಬಿಇಎಲ್ ಕೂಡ ತಯಾರಿಸುತ್ತಿತ್ತು. ವಾಕ್ಸ್ ಎಸಿ30 ಎಂಬ ಗಿಟಾರ್ ಆಂಪ್ (ಗಿಟಾರಿನ ದನಿ ಜೋರಾಗಿಸುವ ಪೆಟ್ಟಿಗೆ) ಸದ್ದು ಮಾಡುವುದೂ ಅಂಥವೇ ನಾಲ್ಕು ವಾಲ್ವುಗಳಿಂದ.

ಈಚೆಗೆ ಸರಸ್ವತಿಪುರಂನ ಗೆಳೆಯನೊಬ್ಬನ ಹಜಾರದಲ್ಲಿ ಎರಡು ಫೆಂಡರ್ ಡಿಲಕ್ಸ್ ರಿವರ್ಬ್ ಆಂಪ್‌ಗಳು ಅಕ್ಕಪಕ್ಕ ಕೂತಿದ್ದವು. ಒಂದು, ಅವನ ಮಾವ ಅಮೆರಿಕದಿಂದ ತಂದ 1965ರದು. ಇನ್ನೊಂದು, ಅದೇ ಮಾದರಿಯನ್ನು ಕಂಪನಿಯೇ 1993ರಲ್ಲಿ ಮತ್ತೆ ಹೊರತಂದ ರೀಇಶ್ಯೂ. ಎರಡರದ್ದೂ ಸುಮಾರು 22 ವ್ಯಾಟ್, ಎರಡೆರಡು 6ವಿ6 ವಾಲ್ವ್, 12 ಇಂಚಿನ ಒಂದೊಂದು ಸ್ಪೀಕರ್. ಯಾವುದು ಮೇಲು ಅನ್ನುವುದೇ ಅವನ ತಲೆಬಿಸಿ. ಇಂಥ ಜೋಡಿ ನಿಮ್ಮ ಕೈಗೂ ಸಿಕ್ಕರೆ ಹೀಗೆ ಮಾಡಿ.

ಹಂತ 1: ಪ್ಲಗ್ ಚುಚ್ಚಬೇಡಿ
ಅಮೆರಿಕದ ಕರೆಂಟು 120 ವೋಲ್ಟ್, ನಮ್ಮದು 230. ಇದನ್ನು ಮರೆತು ಒಮ್ಮೆ ನಾನೇ ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚಿದ್ದೆ. ‘ಟಪ್’ ಅಂತು, ಫ್ಯೂಸ್ ಹೋಯಿತು, ಸುಟ್ಟ ವಾಸನೆ ಎರಡು ದಿನ ಕೋಣೆ ಬಿಡಲಿಲ್ಲ. 230ನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಇಷ್ಟು ದೊಡ್ಡ ಆಂಪಿಗೆ 300 ವಿಎ ಸಾಮರ್ಥ್ಯದ್ದು ಸಾಕು. ಇಲ್ಲಿಗೆಂದೇ ಮಾಡಿದ ರೀಇಶ್ಯೂಗೆ ಈ ರಗಳೆಯಿಲ್ಲ.

ಹಂತ 2: ವಯಸ್ಸು ಓದಿ
ಆಂಪಿನದೇ ಟ್ರಾನ್ಸ್‌ಫಾರ್ಮರ್ ಮೇಲೆ 606512 ಅಂತಿದ್ದರೆ, 606 ತಯಾರಿಸಿದ ಕಂಪನಿಯ ಗುರುತು, 5 ವರ್ಷದ ಕೊನೆಯ ಅಂಕಿ, 12 ವಾರ. ಆ 5 ಅಂದರೆ 65ಓ 75ಓ ಅನ್ನುವ ಅನುಮಾನ ಬಂದೀತು. ಆಗ ರಿಪೇರಿಯವರಿಂದ ಬಿಚ್ಚಿಸಿ, ತಿರುಗಿಸುವ ಗುಬ್ಬಿಗಳ ಹಿಂದಿನ ಪಾಟ್ (ಸದ್ದು ಹೆಚ್ಚು-ಕಡಿಮೆ ಮಾಡುವ ಬಿಡಿಭಾಗ) ನೋಡಿ: 1376512 ಎಂದಿದ್ದರೆ ಅದು 1965ರ 12ನೇ ವಾರದ್ದು. ಈ ಜೋಡಿಯಲ್ಲಿ ಒಳಗಿನ ವೈರಿಂಗ್ ಕೈಬೆಸುಗೆಯದಾದರೆ ಹಳೆಯದು, ಪ್ರಿಂಟೆಡ್ ಬೋರ್ಡ್ ಆದರೆ ರೀಇಶ್ಯೂ.

ಹಂತ 3: ಡಾಕ್ಟರಿಗೆ ತೋರಿಸಿ
ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರುಗಳು ಇಪ್ಪತ್ತು–ಮೂವತ್ತು ವರ್ಷದಲ್ಲಿ ಒಣಗುತ್ತವೆ. ಗೊಂಯ್ ಸದ್ದು ಶುರುವಾಗುತ್ತದೆ, ಬೇಸ್ ಸಡಿಲವಾಗುತ್ತದೆ. ಜನ ‘ವಿಂಟೇಜ್ ಟೋನ್’ ಅಂತ ಕಣ್ಣು ಮುಚ್ಚಿ ತಲೆದೂಗುವುದು ಎಷ್ಟೋ ಸಲ ಈ ಕಾಯಿಲೆಗೆ. ತಮಾಷೆ ನೋಡಿ, ರೀಇಶ್ಯೂ ಹೊರಬಂದಾಗ ಮೂಲ ಆಂಪಿಗೆ 28 ವರ್ಷ. ಮೊದಮೊದಲ ರೀಇಶ್ಯೂಗಳಿಗೆ ಈಗ ಅದಕ್ಕಿಂತ ಹೆಚ್ಚಾಯಿತು. ಎರಡನ್ನೂ ಬಿಚ್ಚಿಸಿ ನೋಡಿಸಬೇಕು. ನೀವಾಗಿ ಕೈಹಾಕಬೇಡಿ: ಪ್ಲಗ್ ಕಿತ್ತ ಮೇಲೂ ಒಳಗೆ 400 ವೋಲ್ಟ್ ಕಾದು ಕೂತಿರಬಹುದು. ಹಳೆಯದಕ್ಕೆ ಎರಡು ಪಿನ್ನಿನ ವೈರಿದ್ದರೆ, ಅರ್ಥ್ ಇರುವ ಮೂರು ಪಿನ್ನಿಂದು ಹಾಕಿಸಿ.

ಹಂತ 4: ಸ್ಪೀಕರ್ ಒಂದೇ ಇರಲಿ
ಎರಡರಲ್ಲೂ 8 ಓಮ್ ಸ್ಪೀಕರ್. ಒಂದನ್ನೇ ಎರಡಕ್ಕೂ ಸರದಿಯಂತೆ ಜೋಡಿಸಿ. ಸ್ಟ್ಯಾಂಡ್‌ಬೈಗೆ (ವಾಲ್ವ್ ಬಿಸಿಯಿದ್ದರೂ ಸದ್ದು ಬರದ ಸ್ಥಿತಿಗೆ) ಹಾಕದೆ ಸ್ಪೀಕರ್ ಪ್ಲಗ್ ಕೀಳಬೇಡಿ. ಸ್ಪೀಕರ್ ಇಲ್ಲದೆ ಬಾರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ನಮ್ಮಲ್ಲಿ ಅರ್ಧ ಜಗಳ ಇಲ್ಲೇ ಮುಗಿಯಿತು. ‘ಹಳೆಯದರ ಮಾಧುರ್ಯ’ ಅಂದುಕೊಂಡಿದ್ದರಲ್ಲಿ ಬಹುಪಾಲು, ಅರವತ್ತು ವರ್ಷ ಕುಣಿದು ಮೆತ್ತಗಾದ ಸ್ಪೀಕರ್ ಕಾಗದದ್ದು.

ಹಂತ 5: ಪಂಚೆ
ಒಂದೇ ನುಡಿಸುವಿಕೆಯನ್ನು ಲೂಪರ್ ಪೆಡಲ್‌ಗೆ (ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಡಬ್ಬಿಗೆ) ತುಂಬಿಸಿಕೊಂಡು ಎರಡಕ್ಕೂ ಕೊಡಿ. ಇಲ್ಲದಿದ್ದರೆ ಇಷ್ಟವಾದ ಆಂಪ್ ಎದುರು ಬೆರಳೇ ಚೆನ್ನಾಗಿ ಓಡಿಬಿಡುತ್ತದೆ. ಫೋನಿನ ಮೀಟರ್ ಹಿಡಿದು ಸದ್ದಿನ ಮಟ್ಟ ಸರಿಸಮ ಮಾಡಿ. ಕೂದಲೆಳೆಯಷ್ಟು ಜೋರಾದದ್ದೂ ಕಿವಿಗೆ ‘ಒಳ್ಳೆಯದು’ ಅನಿಸುತ್ತದೆ. ಆಮೇಲೆ ಹಗ್ಗಕ್ಕೆ ಪಂಚೆ ಇಳಿಬಿಟ್ಟು, ನಾಣ್ಯ ಚಿಮ್ಮಿ, ಯಾವುದು ಅಂತ ಹೇಳದೆ ಹತ್ತು ಸಲ ಕೇಳಿಸಿ.

ನನ್ನದು ಹತ್ತರಲ್ಲಿ ಆರು ಸರಿ. ಗಿಟಾರ್ ಮುಟ್ಟಿಯೇ ಗೊತ್ತಿಲ್ಲದ ಗೆಳೆಯನ ಅಮ್ಮನದು ಒಂಬತ್ತು! ಹೇಗಮ್ಮಾ ಅಂದರೆ, “ಹಳೇದು ಹಾಕ್ದಾಗ ಮೇಜಿನ ಕೆಳಗಿರೋ ಡಬ್ಬ ಗುರ್ ಅನ್ನುತ್ತಲ್ಲಪ್ಪ” ಅಂದರು. ಸ್ಟೆಪ್‌ಡೌನ್! ಹಾಗಾಗಿ ಅದನ್ನು ಮೊದಲೇ ಪಕ್ಕದ ಕೋಣೆಗೆ ಸಾಗಿಸಿಡಿ. ನಾವು ಸಾಗಿಸಿ ಮತ್ತೆ ಕೂತೆವು. ಅಮ್ಮನದು ಐದು, ನನ್ನದೂ ಐದು.

ಗೆಳೆಯ ಕಾರ್ಯಕ್ರಮಗಳಿಗೆ ರೀಇಶ್ಯೂ ಹೊರುತ್ತಾನೆ. ಮಾವನದು ಹಜಾರದಲ್ಲೇ ಇದೆ, ಮೇಲೆ ಅಮ್ಮ ಹಾಸಿದ ಕ್ರೋಶಾ ಬಟ್ಟೆ. ನುಡಿಸುವ ಮುಂಚೆ ಅದನ್ನು ತೆಗೆಯಬೇಕು, ವಾಲ್ವ್ ಬಿಸಿಯಾಗುತ್ತದೆ.